ರಿಜಿಸ್ಟರಿನ ಚೆಕ್ಕುಬಂದಿ

ರಿಜಿಸ್ಟರು ಎಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಶಾಲೆಯ ಹಾಜರಿ ಪುಸ್ತಕ. ಅದನ್ನು ಬಿಟ್ಟರೆ ತಾಲ್ಲೂಕು ಕೇಂದ್ರದ ಉಪನೋಂದಣಾಧಿಕಾರಿಗಳ ಕಚೇರಿ, ಆ ಕಚೇರಿಯ ಮುಂದಿನ ಮರದ ನೆರಳು, ಆ ನೆರಳಿನಲ್ಲಿ ಕುಳಿತು ಸರ್ವೆ ನಂಬರು ಇಷ್ಟು, ವಿಸ್ತೀರ್ಣ ಇಷ್ಟು, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ ಎಂದು ಏಕಸ್ವರದಲ್ಲಿ ಚೆಕ್ಕುಬಂದಿಯನ್ನು ಓದಿ ಹೇಳುವ ಪತ್ರಬರಹಗಾರ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಮೈಕ್ರೋಕಂಟ್ರೋಲರಿನ ಒಳಗೂ ರಿಜಿಸ್ಟರುಗಳಿವೆ. ಕಚೇರಿಯ ರಿಜಿಸ್ಟರಿಗೂ ಅವಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲವಾದರೂ, ಅವುಗಳನ್ನು ಪ್ರೋಗ್ರಾಮಿನಲ್ಲಿ ಹೇಗೆ ನಮೂದಿಸಬೇಕೆಂಬುದನ್ನು ವಿಚಾರಿಸುತ್ತ ಹೋದಂತೆಲ್ಲ ನನಗೆ ಆ ಪತ್ರಬರಹಗಾರನ ಕಸುಬೇ ಕಣ್ಣಿಗೆ ಕಟ್ಟುತ್ತದೆ. ಪತ್ರದಲ್ಲಿ ಒಂದು ದಿಕ್ಕು ತಪ್ಪಿದರೆ ಮೊಮ್ಮಕ್ಕಳ ಕಾಲದಲ್ಲಿ ವ್ಯಾಜ್ಯ ಹುಟ್ಟುತ್ತದೆ. ರಿಜಿಸ್ಟರಿನ ನಮೂದಿನಲ್ಲಿ ಒಂದು ಪದ ತಪ್ಪಿದರೆ ಯಂತ್ರವು ಇಂದು ಸರಿಯಾಗಿ ನಡೆದು, ಆರು ತಿಂಗಳ ಮೇಲೆ, ಯಾರೂ ಅದರ ಹತ್ತಿರ ಸುಳಿಯದ ಒಂದು ದಿನ, ಸುಮ್ಮನೆ ನಿಂತುಬಿಡುತ್ತದೆ.

ಮೈಕ್ರೋಕಂಟ್ರೋಲರ್ ಎಂದರೆ ಲೆಕ್ಕ ಮಾಡುವ ಮಿದುಳು, ನೆನಪಿಡುವ ಮೆಮೊರಿ, ಹೊರಜಗತ್ತಿನೊಡನೆ ವ್ಯವಹರಿಸುವ ಅಂಗಾಂಗಗಳು, ಇಷ್ಟನ್ನೂ ಒಂದೇ ಚಿಪ್‌ನಲ್ಲಿ ಹುದುಗಿಸಿಕೊಂಡ ಪುಟ್ಟ ಗಣಕ. ಬಟ್ಟೆ ಒಗೆಯುವ ಯಂತ್ರದಲ್ಲಿ, ವಿದ್ಯುತ್ ಮೀಟರಿನಲ್ಲಿ, ಮಕ್ಕಳ ಆಟಿಕೆಯಲ್ಲಿ ಕುಳಿತಿರುವುದು ಅದೇ. ಇದರ ಮಿದುಳಿಗೆ ಕೈಯಿಲ್ಲ, ಕಣ್ಣಿಲ್ಲ; ಅದಕ್ಕೆ ತಿಳಿದಿರುವುದು ಇಂತಿಂಥ ವಿಳಾಸದಿಂದ ಒಂದು ಅಂಕೆಯನ್ನು ಓದುವುದು, ಇಂತಿಂಥ ವಿಳಾಸಕ್ಕೆ ಒಂದು ಅಂಕೆಯನ್ನು ಬರೆಯುವುದು, ಇವೆರಡೇ. ಆದುದರಿಂದ ನಿರ್ಮಾಪಕರು ಒಂದು ಉಪಾಯವನ್ನು ಮಾಡಿದ್ದಾರೆ: ಮೆಮೊರಿಯ ಮನೆಗಳ ಸಾಲಿನಲ್ಲಿಯೇ ಕೆಲವು ಸಂಖ್ಯೆಗಳನ್ನು ಕಾದಿರಿಸಿ, ಆ ಸಂಖ್ಯೆಯ ಬಾಗಿಲುಗಳ ಹಿಂದೆ ಮೆಮೊರಿಗೆ ಬದಲಾಗಿ ಯಂತ್ರದ ಅಂಗಗಳನ್ನು ಕೂರಿಸಿದ್ದಾರೆ. ಬೇರೆ ಮನೆಗೆ ಅಂಕೆಯನ್ನು ಬರೆದರೆ ಅದು ಅಲ್ಲಿ ನಿಶ್ಚಲವಾಗಿ ಕುಳಿತಿರುತ್ತದೆ. ಈ ಮನೆಗೆ ಬರೆದರೆ ಹೊರಗೆ ದೀಪ ಹತ್ತುತ್ತದೆ, ಮೋಟಾರು ತಿರುಗುತ್ತದೆ. ಯಂತ್ರಾಂಶದ ರಿಜಿಸ್ಟರೆಂದರೆ ಇದು: ವೇಷ ಮೆಮೊರಿಯದು, ವೃತ್ತಿ ಬೇರೆಯದು.

ಈ ಉಪಾಯವನ್ನು ಪ್ರಸಿದ್ಧಿಗೆ ತಂದ ಯಂತ್ರಗಳಲ್ಲಿ ಮುಖ್ಯವಾದುದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1970ರಲ್ಲಿ ಹೊರತಂದ ಪಿಡಿಪಿ-11. ಅದರಲ್ಲಿ ಬಾಹ್ಯೋಪಕರಣಗಳಿಗಾಗಿ ಪ್ರತ್ಯೇಕ ಆಜ್ಞೆಗಳೇ ಇರಲಿಲ್ಲ. ವಿಳಾಸಗಳ ಸಾಲಿನ ತುತ್ತತುದಿಯ ಭಾಗವನ್ನು ಅವುಗಳ ರಿಜಿಸ್ಟರುಗಳಿಗೆಂದು ಬಿಟ್ಟುಕೊಟ್ಟಿದ್ದರು. ಅಷ್ಟಮಾನ ಪದ್ಧತಿಯಲ್ಲಿ 177560 ಎಂಬ ವಿಳಾಸದಲ್ಲಿ ಕೀಲಿಮಣೆಯ ಸ್ಥಿತಿಯನ್ನು ನೋಡಬಹುದಾಗಿತ್ತು, 177566ಕ್ಕೆ ಒಂದು ಅಕ್ಷರದ ಅಂಕೆಯನ್ನು ಹಾಕಿದರೆ ಟೆಲಿಟೈಪು ಅದನ್ನು ಅಚ್ಚು ಹಾಕುತ್ತಿತ್ತು. ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿಯವರು ಸಿ ಭಾಷೆಯನ್ನು ಬೆಳೆಸಿದ್ದು ಇದೇ ಯಂತ್ರದ ಮೇಲೆ. ಆದುದರಿಂದಲೇ ಬರಿಯ ಅಂಕೆಯನ್ನು ವಿಳಾಸವೆಂದು ಭಾವಿಸಿ ಅದರ ಬಾಗಿಲು ತಟ್ಟುವ ಸಲುಗೆ ಆ ಭಾಷೆಗೆ ಹುಟ್ಟಿನಿಂದಲೇ ಬಂದಿತೆನ್ನಬೇಕು. 1975ರ ಯುನಿಕ್ಸ್ ಆರನೆಯ ಆವೃತ್ತಿಯಲ್ಲಿ, ಯಂತ್ರದ ಮುಖಫಲಕದ ಸ್ವಿಚ್ಚುಗಳನ್ನು ಓದಲು 177570 ಎಂಬ ಅಂಕೆಗೆ ಎರಡಕ್ಷರದ ಒಂದು ಹೆಸರಿಟ್ಟು, ಆ ಹೆಸರಿನ ಮುಂದೆ ಬಾಣದ ಗುರುತನ್ನು ಹಾಕಿ ನೇರವಾಗಿ ಓದಿಬಿಡುತ್ತಿದ್ದರು. ಆ ಅಂಕೆ ಯಾವ ಜಾತಿಯ ವಸ್ತುವಿನ ವಿಳಾಸವೆಂದು ಕಂಪೈಲರು ವಿಚಾರಿಸುತ್ತಿರಲಿಲ್ಲ. ಪರಸ್ಪರ ಪರಿಚಯವಿದ್ದ ಸಣ್ಣ ಊರಿನಲ್ಲಿ ಬಾಯಿಮಾತಿನ ಮೇಲೆ ಜಮೀನು ಕೈಬದಲಾದಂತೆ ಆಯಿತು ಅದು. ಊರು ಬೆಳೆದ ಮೇಲೆ ಬಾಯಿಮಾತು ಸಾಲದಾಯಿತು.

ಇಂದಿನ ನಮೂದು ಹೇಗಿರಬೇಕೆಂಬುದನ್ನು ಒಂದು ನಿಜವಾದ ಚಿಪ್‌ನ ಮೇಲೆ ನೋಡುವುದು ಒಳ್ಳೆಯದು. ಆರ್ಡುಯಿನೋ ಊನೋ ಆರ್3 ಎಂಬ, ಹೈಸ್ಕೂಲಿನ ಹುಡುಗರೂ ಬಲ್ಲ ಹಲಗೆಯ ಹೃದಯಸ್ಥಾನದಲ್ಲಿರುವುದು ಎಟಿಮೆಗಾ328ಪಿ. ಅದರ ಕಾಲುಗಳ ಒಂದು ಗುಂಪಿಗೆ ಬಿ ಪೋರ್ಟೆಂದು ಹೆಸರು. ಆ ಗುಂಪನ್ನು ಆಳುವ ರಿಜಿಸ್ಟರುಗಳು ಮೂರು: ಕಾಲು ಒಳಮುಖವೋ ಹೊರಮುಖವೋ ಎಂದು ನಿರ್ಧರಿಸುವ ಡಿಡಿಆರ್‌ಬಿ, ಹೊರಮುಖದ ಕಾಲಿಗೆ ವಿದ್ಯುತ್ತನ್ನು ಕೊಡುವ ಅಥವಾ ಕೊಡದಿರುವ ಪೋರ್ಟ್‌ಬಿ, ಕಾಲಿನ ಮೇಲೆ ಈಗ ಏನಿದೆಯೆಂದು ತಿಳಿಸುವ ಪಿನ್‌ಬಿ. ಚಿಪ್ಪಿನ ವಿವರಪತ್ರವಾದ ಡೇಟಾಶೀಟಿನಲ್ಲಿ ಪೋರ್ಟ್‌ಬಿಯ ಮುಂದೆ ಷೋಡಶಮಾನ ಪದ್ಧತಿಯ ಎರಡು ಅಂಕೆಗಳಿವೆ: 05 ಎಂದು ಒಂದು, ಅದರ ಪಕ್ಕಕ್ಕೆ ಆವರಣದೊಳಗೆ 25 ಎಂದು ಇನ್ನೊಂದು. ಒಂದೇ ಮನೆಗೆ ಎರಡು ಬಾಗಿಲ ಸಂಖ್ಯೆ! ಮೊದಲನೆಯದು ರಿಜಿಸ್ಟರುಗಳ ಕೇರಿಗೆಂದೇ ಇರುವ ವಿಶೇಷ ಆಜ್ಞೆಗಳು ಬಳಸುವ ಸಂಖ್ಯೆ. ಎರಡನೆಯದು ಮೆಮೊರಿಯ ಸಾಲಿನಲ್ಲಿ ನಿಂತು ಎಣಿಸಿದರೆ ಸಿಕ್ಕುವ ಸಂಖ್ಯೆ. ಈ ಸಾಲಿನ ಮೊದಲ 32 ಮನೆಗಳಲ್ಲಿ ಮಿದುಳು ತನ್ನ ಲೆಕ್ಕಗಳಿಗೆ ಬಳಸುವ ಸ್ವಂತದ ರಿಜಿಸ್ಟರುಗಳು ವಾಸವಾಗಿರುವುದರಿಂದ ಇವೆರಡಕ್ಕೂ ಅಷ್ಟೇ ಅಂತರ ಬಿದ್ದಿದೆ. ಈ ಭೇದವನ್ನು ಗಮನಿಸದೆ 05ನ್ನು ಸಿ ಭಾಷೆಯ ಪಾಯಿಂಟರಿಗೆ, ಎಂದರೆ ವಿಳಾಸವನ್ನು ಹಿಡಿದಿಡುವ ಹೆಸರಿಗೆ, ಕೊಟ್ಟವನು ದೀಪವನ್ನು ಹಚ್ಚಲಾರನು. ಅಷ್ಟೇ ಆದರೆ ಚಿಂತೆಯಿರಲಿಲ್ಲ, ಅವನು ಬರೆದ ಅಂಕೆಯು ಮಿದುಳಿನ ಐದನೆಯ ಸ್ವಂತ ರಿಜಿಸ್ಟರಿಗೆ ಹೋಗಿ ಬಿದ್ದು, ಅಲ್ಲಿ ನಡೆದಿದ್ದ ಯಾವುದೋ ಲೆಕ್ಕವನ್ನು ಕೆಡಿಸುತ್ತದೆ. ಆ ಕೆಟ್ಟ ಲೆಕ್ಕದ ಫಲ ಪ್ರೋಗ್ರಾಮಿನ ಇನ್ನೆಲ್ಲೋ ಕಾಣಿಸಿಕೊಂಡಾಗ ಕಾರಣವನ್ನು ಇಲ್ಲಿ ಹುಡುಕಬೇಕೆಂದು ಯಾರಿಗೆ ಹೊಳೆದೀತು!

ಸರಿಯಾದ ನಮೂದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದಾದರೆ ಹೀಗೆ: ಪೋರ್ಟ್‌ಬಿ ಎಂಬ ಹೆಸರು ಬಂದಲ್ಲೆಲ್ಲ, ಷೋಡಶಮಾನದ 25 ಎಂಬ ಅಂಕೆಯನ್ನು, ಧನ ಋಣ ಚಿಹ್ನೆಯಿಲ್ಲದ, ಎಂಟು ಬಿಟ್ಟಿನ, ವೊಲಟೈಲ್ ಆದ ವಸ್ತುವೊಂದರ ವಿಳಾಸವೆಂದು ತಿಳಿದು, ಆ ವಿಳಾಸದಲ್ಲಿರುವ ವಸ್ತುವನ್ನೇ ಗ್ರಹಿಸತಕ್ಕದ್ದು. ಸಿ ಭಾಷೆಯಲ್ಲಿ ಇದು ಒಂದು ಸಾಲಿಗೆ ಮೀರುವುದಿಲ್ಲ. ಆದರೆ ಆ ಸಾಲಿನ ಒಂದೊಂದು ಪದವೂ ಚೆಕ್ಕುಬಂದಿಯ ಒಂದೊಂದು ದಿಕ್ಕು.

ಇವುಗಳಲ್ಲಿ ಬಹುಜನ ಮರೆಯುವ, ಮರೆತರೂ ಬಹುಕಾಲ ತೊಂದರೆ ಕೊಡದೆ ಕೊನೆಗೆ ಕೈಕೊಡುವ ಪದವೆಂದರೆ ವೊಲಟೈಲ್. ಕಂಪೈಲರು, ನಾವು ಬರೆದುದನ್ನು ಯಂತ್ರದ ಆಜ್ಞೆಗಳಿಗೆ ಇಳಿಸುವ ಗುಮಾಸ್ತ, ಪರಮ ಮಿತವ್ಯಯಿ. ಒಂದು ಮನೆಯಲ್ಲಿ ಏನಿದೆಯೆಂದು ಒಮ್ಮೆ ನೋಡಿಬಂದ ಮೇಲೆ, ನಡುವೆ ತಾನು ಅಲ್ಲಿಗೆ ಏನನ್ನೂ ಇರಿಸದಿದ್ದ ಪಕ್ಷದಲ್ಲಿ, ಮತ್ತೆ ಹೋಗಿ ನೋಡುವುದು ವೃಥಾ ಶ್ರಮವೆಂದು ಅವನ ತರ್ಕ. ಒಂದೇ ಮನೆಗೆ ಬೆನ್ನುಬೆನ್ನಿಗೆ ಎರಡು ಸಲ ಬರೆಯಲು ಹೇಳಿದರೆ ಮೊದಲನೆಯದನ್ನು ಬಿಟ್ಟೇ ಬಿಡುತ್ತಾನೆ, ಹೇಗೂ ಎರಡನೆಯದು ಅದನ್ನು ಅಳಿಸುತ್ತದಷ್ಟೆ! ಸಾಮಾನ್ಯ ಮೆಮೊರಿಯ ವಿಷಯದಲ್ಲಿ ಈ ತರ್ಕ ನಿರ್ದುಷ್ಟವಾದುದು. ಆದರೆ ಹೊರಗಿನವರು ಯಾವಾಗಲಾದರೂ ಕಾಗದ ಹಾಕಿಹೋಗುವ ಟಪ್ಪಾಲು ಪೆಟ್ಟಿಗೆಯನ್ನು, ಬೆಳಗ್ಗೆ ನೋಡಿದಾಗ ಬರಿದಾಗಿತ್ತೆಂಬ ಕಾರಣಕ್ಕೆ, ಸಂಜೆಯವರೆಗೂ ಬರಿದೆಂದೇ ನಂಬಿ ಕೂರುವ ಗುಮಾಸ್ತನನ್ನು ಏನೆನ್ನೋಣ? ವೊಲಟೈಲ್ ಎಂಬ ಪದ ಅವನಿಗೆ ಕೊಡುವ ಎಚ್ಚರಿಕೆ ಇಷ್ಟೆ: ಇಲ್ಲಿ ನಿನ್ನ ಜಾಣತನ ಬೇಡ, ನಾನು ಎಷ್ಟು ಸಲ ಹೇಳಿದೆನೋ ಅಷ್ಟು ಸಲ, ಹೇಳಿದ ಕ್ರಮದಲ್ಲಿ, ಹೋಗಿ ನೋಡಿ ಬಾ.

ನಮ್ಮ ಬಂಧುಗಳ ಮನೆಯ ಹುಡುಗನೊಬ್ಬ, ಎಂಜಿನಿಯರಿಂಗ್ ಓದುತ್ತಿದ್ದವನು, ಒಂದು ಗುಂಡಿ ಒತ್ತುವುದನ್ನು ಕಾಯುವ ಪ್ರೋಗ್ರಾಮನ್ನು ಬರೆದಿದ್ದ. ಪಿನ್‌ಬಿಯನ್ನು ತಾನೇ ನಮೂದಿಸಿಕೊಂಡಿದ್ದ, ವೊಲಟೈಲ್ ಇರಲಿಲ್ಲ. ಎರಡು ವಾರ ಎಲ್ಲವೂ ನೆಟ್ಟಗೆ ನಡೆಯಿತು. ಪ್ರೋಗ್ರಾಮು ಬೆಳೆದು ಚಿಪ್‌ನಲ್ಲಿ ಹಿಡಿಸದಂತಾದಾಗ, ಗಾತ್ರವನ್ನು ಕುಗ್ಗಿಸುವಂತೆ ಕಂಪೈಲರಿಗೆ ಸೂಚನೆ ಕೊಟ್ಟ. ಆ ಕ್ಷಣದಿಂದ ಗುಂಡಿ ಸತ್ತಿತು. ಗುಂಡಿಯನ್ನು ಬದಲಾಯಿಸಿದ, ತಂತಿಯನ್ನು ಬದಲಾಯಿಸಿದ, ಕೊನೆಗೆ ಹಲಗೆಯನ್ನೇ ಬದಲಾಯಿಸಿದ. ಕಂಪೈಲರು ಮಾಡಿದ್ದ ಕೆಲಸ ಇಷ್ಟು: ಪಿನ್‌ಬಿಯನ್ನು ಒಮ್ಮೆ ಓದಿ, ಗುಂಡಿ ಒತ್ತಿಲ್ಲವೆಂದು ಕಂಡು, ಆಮೇಲೆ ಅತ್ತ ತಿರುಗಿಯೂ ನೋಡದೆ ನಿಂತಲ್ಲೇ ಅನಂತಕಾಲ ಸುತ್ತತೊಡಗಿತ್ತು. ತಪ್ಪು ಕಂಪೈಲರಿನದೆಂದು ಅವನು ವಾದಿಸಿದ, ನಾನು ಒಪ್ಪಲಿಲ್ಲ. ಪತ್ರದಲ್ಲಿ ಬರೆಯದ ದಾರಿಯ ಹಕ್ಕನ್ನು ಕೊಂಡವನು ಹೇಗೆ ತಿಳಿದಾನು?

ಈ ಪದ ಸಿ ಭಾಷೆಗೆ ಅಧಿಕೃತವಾಗಿ ಸೇರಿದ್ದು 1989ರ ಅಮೆರಿಕದ ಮಾನಕದಲ್ಲಿ. ಸೇರಿದ ಮೇಲೂ ಅದರ ಪಾಡು ಸುಗಮವಾಗಿರಲಿಲ್ಲ. 2008ರಲ್ಲಿ ಉಟಾ ವಿಶ್ವವಿದ್ಯಾಲಯದ ಎರಿಕ್ ಐಡ್ ಮತ್ತು ಜಾನ್ ರೆಗೆರ್ ಎಂಬವರು ಬಳಕೆಯಲ್ಲಿದ್ದ 13 ಕಂಪೈಲರುಗಳನ್ನು ಪರೀಕ್ಷಿಸಿ, ಹದಿಮೂರೂ ಒಂದಲ್ಲ ಒಂದು ಸಂದರ್ಭದಲ್ಲಿ ವೊಲಟೈಲ್ ವಸ್ತುಗಳನ್ನು ತಪ್ಪಾಗಿ ನಿರ್ವಹಿಸುತ್ತವೆಂದು ತೋರಿಸಿದರು. ಅಲ್ಲಿ ಮಾತ್ರ ಆ ಹುಡುಗನ ವಾದಕ್ಕೆ ಬೆಲೆಯುಂಟು.

ವಿಸ್ತೀರ್ಣದ ಮಾತಿಗೆ ಬರುತ್ತೇನೆ. ಎಂಟು ಬಿಟ್ಟಿನ ರಿಜಿಸ್ಟರನ್ನು ಹದಿನಾರು ಬಿಟ್ಟಿನದೆಂದು ನಮೂದಿಸಿದರೆ ಅದು ಸ್ಪಷ್ಟವಾದ ಒತ್ತುವರಿ. ಡಿಡಿಆರ್‌ಬಿ ಇರುವ 24ಕ್ಕೆ ಬರೆದುದು ಪಕ್ಕದ 25ರ ಪೋರ್ಟ್‌ಬಿಯನ್ನೂ ಅಳಿಸುತ್ತದೆ. ಅದಕ್ಕಾಗಿಯೇ, ಒಂದೊಂದು ಯಂತ್ರದಲ್ಲಿ ಒಂದೊಂದು ಅಳತೆಯಾಗುವ ಇಂಟ್ ಎಂಬ ಪ್ರಕಾರವನ್ನು ಬಿಟ್ಟು, ಇಷ್ಟೇ ಬಿಟ್ಟೆಂದು ಹೆಸರಿನಲ್ಲಿಯೇ ಸಾರುವ ಪ್ರಕಾರಗಳನ್ನು ಬಳಸಬೇಕೆಂಬ ನಿಯಮ. ಕಿರಿದು ಮಾಡಿದರೂ ಕಷ್ಟವೇ: ಎಸ್‌ಟಿಎಂ32ಎಫ್103 ಎಂಬ ಚಿಪ್‌ನಲ್ಲಿ ಕಾಲುಗಳ ರಿಜಿಸ್ಟರುಗಳನ್ನು ಮೂವತ್ತೆರಡು ಬಿಟ್ಟಿನ ಅಳತೆಯಲ್ಲಿಯೇ ಮುಟ್ಟಬೇಕು, ಅರ್ಧವಾಗಿ ಕಾಲುಭಾಗವಾಗಿ ಮುಟ್ಟಕೂಡದೆಂದು ಅದರ ಕೈಪಿಡಿ ಕಟ್ಟಪ್ಪಣೆ ಮಾಡುತ್ತದೆ.

ಈ ಎಸ್‌ಟಿಎಂ ಚಿಪ್‌ನಂಥವುಗಳಲ್ಲಿ ರಿಜಿಸ್ಟರುಗಳು ನೂರಾರು. ಒಂದೊಂದಕ್ಕೂ ಒಂದೊಂದು ಸಾಲನ್ನು ಬರೆಯುತ್ತ ಕೂರುವುದು ಬುದ್ಧಿವಂತರ ಕೆಲಸವಲ್ಲ. ಅಲ್ಲಿ ಅನುಸರಿಸುವ ಕ್ರಮ ಬಡಾವಣೆಯ ನಕ್ಷೆಯ ಹಾಗೆ. ಕಾಲುಗಳ ಪ್ರತಿಯೊಂದು ಗುಂಪಿಗೂ ಏಳು ರಿಜಿಸ್ಟರುಗಳು, ನಾಲ್ಕು ನಾಲ್ಕು ಬೈಟಿನ ಅಂತರದಲ್ಲಿ, ಒಂದೇ ಕ್ರಮದಲ್ಲಿ ಸಾಲಾಗಿ ಬರುತ್ತವೆ. ಆ ಕ್ರಮವನ್ನು ಒಂದು ಸ್ಟ್ರಕ್ಚರಿನಲ್ಲಿ ಒಮ್ಮೆ ಬರೆದು, ಎ ಗುಂಪು ಷೋಡಶಮಾನದ 40010800ರಲ್ಲಿ, ಸಿ ಗುಂಪು 40011000ರಲ್ಲಿ ಎಂದು ಮೂಲವಿಳಾಸವನ್ನು ಮಾತ್ರ ಹೇಳಿದರೆ ಸಾಕು. ಇಲ್ಲಿ ಎಚ್ಚರ ವಹಿಸಬೇಕಾದುದು ಖಾಲಿ ನಿವೇಶನಗಳ ವಿಷಯದಲ್ಲಿ. ಇದೇ ಚಿಪ್‌ನ ಕಾರ್ಟೆಕ್ಸ್-ಎಂ3 ಮಿದುಳಿನಲ್ಲಿ, ನಡೆಯುತ್ತಿರುವ ಕೆಲಸವನ್ನು ನಡುವೆ ತಡೆದು ಕರೆಯುವ ಇಂಟರಪ್ಟುಗಳಿಗೆ ಅನುಮತಿ ಕೊಡುವ ರಿಜಿಸ್ಟರುಗಳಿಗೆಂದು ಎಂಟು ಮನೆ, ಆಮೇಲೆ ಇಪ್ಪತ್ತನಾಲ್ಕು ಮನೆಯಷ್ಟು ಬರಿಯ ಜಾಗ, ಅದಾದ ಮೇಲೆ ಅನುಮತಿಯನ್ನು ಹಿಂತೆಗೆದುಕೊಳ್ಳುವ ಎಂಟು. ನಡುವಿನ ಇಪ್ಪತ್ತನಾಲ್ಕನ್ನೂ ಕಾದಿರಿಸಿದ ಜಾಗವೆಂದು ಸ್ಟ್ರಕ್ಚರಿನಲ್ಲಿ ಬರೆಯದಿದ್ದರೆ ಮುಂದಿನವೆಲ್ಲವೂ ಮೇಲಕ್ಕೆ ಜರುಗಿ, ಹೆಸರು ಒಂದು ಮನೆಯದು, ಬಾಗಿಲು ಇನ್ನೊಂದರದು ಎಂಬಂತಾಗುತ್ತದೆ.

ಒಂದು ರಿಜಿಸ್ಟರಿನ ಒಳಗಿನ ಒಂದೊಂದು ಬಿಟ್ಟಿಗೂ ಹೆಸರು ಕೊಡಲು ಸಿ ಭಾಷೆಯಲ್ಲಿ ಬಿಟ್‌ಫೀಲ್ಡ್ ಎಂಬ ಸೌಲಭ್ಯವಿದೆ. ನೋಡಲು ಅದು ಈ ಕೆಲಸಕ್ಕೇ ಹುಟ್ಟಿದಂತಿದೆ. ಆದರೆ ಬಿಟ್ಟುಗಳನ್ನು ಎಡದಿಂದ ಜೋಡಿಸಬೇಕೋ ಬಲದಿಂದಲೋ ಎಂಬುದನ್ನು ಮಾನಕವು ಕಂಪೈಲರಿನ ಇಚ್ಛೆಗೆ ಬಿಟ್ಟಿದೆ. ನನ್ನ ಮಟ್ಟಿಗೆ ನಾನು ಅದನ್ನು ಬಳಸುವುದಿಲ್ಲ. ಬಿಟ್ಟಿನ ಸ್ಥಾನವನ್ನು ಅಂಕೆಯಿಂದಲೇ ಹೇಳುವ ಮಾಸ್ಕುಗಳು ಸೊಗಸಿಲ್ಲದಿದ್ದರೂ ಸುಳ್ಳು ಹೇಳುವುದಿಲ್ಲ.

ಇನ್ನು ಹಕ್ಕುಬಾಧ್ಯತೆಗಳು. ಕೆಲವು ರಿಜಿಸ್ಟರುಗಳನ್ನು ಓದಲು ಮಾತ್ರ ಬರುತ್ತದೆ. ಅಂಥವುಗಳ ನಮೂದಿನಲ್ಲಿ ವೊಲಟೈಲ್ ಜೊತೆಗೆ ಕಾನ್ಸ್ಟ್ ಎಂಬುದನ್ನೂ ಸೇರಿಸಬೇಕು. ಬದಲಾಗುತ್ತಲೇ ಇರುವ ಸ್ಥಿರವಸ್ತು ಎಂದರೆ ಅದೆಂಥ ವದತೋವ್ಯಾಘಾತವೆಂದು ಹೊಸಬರು ನಗುವುದುಂಟು. ಅರ್ಥ ಸರಳವಾಗಿದೆ, ಅದು ಬದಲಾಗಬಹುದು, ಬದಲಾಯಿಸುವ ಅಧಿಕಾರ ಮಾತ್ರ ನಿನಗಿಲ್ಲ. ಆರ್ಮ್ ಸಂಸ್ಥೆಯು 2008ರಲ್ಲಿ ಹೊರತಂದ ಸಿಎಂಎಸ್‌ಐಎಸ್ ಎಂಬ ಏರ್ಪಾಡಿನಲ್ಲಿ ಓದುವ, ಬರೆಯುವ, ಎರಡಕ್ಕೂ ಸಲ್ಲುವ ರಿಜಿಸ್ಟರುಗಳಿಗೆ ಬೇರೆ ಬೇರೆ ಗುರುತುಗಳನ್ನು ಕೊಟ್ಟಿದ್ದಾರೆ. ಬರೆಯಲು ಮಾತ್ರ ಎಂಬ ಗುರುತು ಓದುಗನಿಗೆ ಸೂಚನೆಯೇ ಹೊರತು ಕಾವಲಲ್ಲ. ಓದಬೇಡವೆಂದು ತಡೆಯುವ ಪದ ಸಿ ಭಾಷೆಯಲ್ಲಿಲ್ಲ.

ಇಷ್ಟೆಲ್ಲ ಎಚ್ಚರದಿಂದ ನಮೂದಿಸಿದ ಮೇಲೂ ಹೆಸರು ಹೆಸರೇ, ವಸ್ತು ವಸ್ತುವೇ. ಎಟಿಮೆಗಾದಲ್ಲಿ ಧಾರಾವಾಹಿಯಾಗಿ ಅಕ್ಷರಗಳನ್ನು ಕಳುಹಿಸುವ, ಸ್ವೀಕರಿಸುವ ಯುಡಿಆರ್0 ಎಂಬ ರಿಜಿಸ್ಟರಿದೆ; ಒಂದೇ ಹೆಸರು, ಒಂದೇ ವಿಳಾಸ, ಆದರೆ ಬರೆದರೆ ಹೋಗುವುದು ಒಂದು ಕೋಣೆಗೆ, ಓದಿದರೆ ಬರುವುದು ಇನ್ನೊಂದರಿಂದ. ಬರೆದುದನ್ನು ಸರಿಯಾಗಿದೆಯೇ ಎಂದು ತಿರುಗಿ ಓದಿನೋಡುವ ಸಾತ್ವಿಕನಿಗೆ ಅಲ್ಲಿ ಸಿಕ್ಕುವುದು ತಾನು ಬರೆದುದಲ್ಲ. ಮೇಲಾಗಿ, ಓದಿದೊಡನೆ ಅಲ್ಲಿ ಬಂದು ಕಾದಿದ್ದ ಅಕ್ಷರ ಖರ್ಚಾಗಿ ಹೋಗುತ್ತದೆ. ಎಸ್‌ಟಿಎಂ32ರಲ್ಲಿ ಹೊರಗಿನ ಇಂಟರಪ್ಟುಗಳು ಬಂದು ಕಾದಿರುವುದನ್ನು ತಿಳಿಸುವ ಪೆಂಡಿಂಗ್ ರಿಜಿಸ್ಟರಿನ ರೀತಿ ಇನ್ನೂ ವಿಚಿತ್ರ: ಯಾವ ಬಿಟ್ಟನ್ನು ಅಳಿಸಬೇಕೋ ಅದಕ್ಕೆ ಒಂದನ್ನು ಬರೆಯಬೇಕು. ರೂಢಿಯಂತೆ, ಇದ್ದುದನ್ನು ಓದಿ, ಅದಕ್ಕೆ ಒಂದು ಬಿಟ್ಟನ್ನು ಕೂಡಿಸಿ, ಮರಳಿ ಬರೆಯುವವನು, ಕಾದಿದ್ದ ಎಲ್ಲ ಬಿಟ್ಟುಗಳಿಗೂ ಒಂದನ್ನು ಬರೆದಂತಾಗಿ, ಒಬ್ಬನನ್ನು ಒಳಗೆ ಕರೆಯುವ ಭರದಲ್ಲಿ ಸರದಿಯಲ್ಲಿದ್ದವರನ್ನೆಲ್ಲ ಮನೆಗೆ ಕಳುಹಿಸಿಬಿಡುತ್ತಾನೆ. ಓದಿ, ತಿದ್ದಿ, ಬರೆಯುವ ಈ ಮೂರು ಹೆಜ್ಜೆಗಳ ನಡುವೆ ಇಂಟರಪ್ಟೊಂದು ನುಗ್ಗಿ ಅದೇ ರಿಜಿಸ್ಟರನ್ನು ಬದಲಾಯಿಸುವ ಭಯವೂ ಉಂಟು. ಆ ಭಯದ ನಿವಾರಣೆಗೆಂದೇ ಕಾಲುಗಳನ್ನು ಒಂದೇ ಬರಹದಲ್ಲಿ ಏರಿಸುವ ಇಳಿಸುವ ಬಿಎಸ್‌ಆರ್‌ಆರ್ ಎಂಬ ರಿಜಿಸ್ಟರನ್ನು ಕೊಟ್ಟಿದ್ದಾರೆ. ಸಿ ಪ್ಲಸ್ ಪ್ಲಸ್ ಭಾಷೆಯ 2020ರ ಮಾನಕವು, ವೊಲಟೈಲ್ ವಸ್ತುವಿನ ಮೇಲೆ ಇಂಥ ಓದಿ-ತಿದ್ದುವ ಸಂಕ್ಷಿಪ್ತ ಬರಹವನ್ನು ತ್ಯಾಜ್ಯವೆಂದು ಸಾರಿತು. ಮೈಕ್ರೋಕಂಟ್ರೋಲರಿನವರು ಗೋಳಿಟ್ಟುದರಿಂದ 2023ರಲ್ಲಿ ಬಿಟ್ಟುಗಳ ಮಟ್ಟಿಗೆ ಆ ತೀರ್ಪನ್ನು ಹಿಂತೆಗೆದುಕೊಂಡಿತು.

ನಮ್ಮಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಬಹುಕಾಲ 8051ನ್ನು ಕಲಿತವರು ಇಷ್ಟು ಹೊತ್ತಿಗೆ ಒಂದು ಆಕ್ಷೇಪವನ್ನು ಎತ್ತಬಹುದು: ನಾವು ಪಾಯಿಂಟರನ್ನೇ ಬಳಸಲಿಲ್ಲವಲ್ಲ, ಎಸ್‌ಎಫ್‌ಆರ್ ಎಂದು ಬರೆದು ಒಂದನೆಯ ಪೋರ್ಟು 90 ಎಂದರೆ ಮುಗಿಯುತ್ತಿತ್ತಲ್ಲ ಎಂದು. ಆಕ್ಷೇಪ ಸರಿಯಾದುದೇ. ಇಂಟೆಲ್ ಸಂಸ್ಥೆಯ 1980ರ ಆ ಚಿಪ್‌ನಲ್ಲಿ ವಿಶೇಷ ರಿಜಿಸ್ಟರುಗಳ ವಿಳಾಸವನ್ನು ಆಜ್ಞೆಯಲ್ಲಿಯೇ ನೇರವಾಗಿ ಹೇಳಬೇಕು. ಪಾಯಿಂಟರಿನ ಮೂಲಕ ಹೋಗುವ ದಾರಿ ಅವುಗಳನ್ನು ಮುಟ್ಟುವುದಿಲ್ಲ. ಅದರ ತಮ್ಮನಾದ 8052ರಲ್ಲಂತೂ ಅದೇ ಸಂಖ್ಯೆಗಳನ್ನು ಹೊತ್ತ 128 ಬೈಟುಗಳ ಬೇರೆ ಮೆಮೊರಿಯೇ ಇರುವುದರಿಂದ, ಪಾಯಿಂಟರಿನಲ್ಲಿ ಬರೆದುದು ಸದ್ದಿಲ್ಲದೆ ಅಲ್ಲಿಗೆ ಹೋಗಿ ಸೇರುತ್ತದೆ. ಸಿ ಭಾಷೆಯ ಮಾನಕದಲ್ಲಿಲ್ಲದ ಎಸ್‌ಎಫ್‌ಆರ್ ಎಂಬ ಪದವನ್ನು ಕೈಲ್ ಮೊದಲಾದ ಕಂಪೈಲರುಗಳು ಸೇರಿಸಿದ್ದು ಆ ಕಾರಣದಿಂದ. ಒಂದು ಊರಿನ ಪತ್ರದ ಮಾದರಿ ಇನ್ನೊಂದು ಊರಿಗೆ ಸಲ್ಲಬೇಕೆಂದಿಲ್ಲ.

ಹೀಗಿರುವಾಗ ನಾವೇ ಏಕೆ ನಮೂದಿಸಬೇಕು, ತಯಾರಕರು ಕೊಡುವ ಹೆಡರ್ ಫೈಲುಗಳಿಲ್ಲವೇ ಎಂದರೆ, ಇವೆ. ದುಡಿಮೆಯ ಕೆಲಸಕ್ಕೆ ಅವುಗಳನ್ನೇ ಬಳಸಬೇಕು. ಆದರೆ ಒಮ್ಮೆಯಾದರೂ ಆ ಫೈಲನ್ನು ತೆರೆದು, ಪಕ್ಕದಲ್ಲಿ ಡೇಟಾಶೀಟನ್ನಿಟ್ಟುಕೊಂಡು, ಒಂದೆರಡು ಸಾಲುಗಳನ್ನು ತಾಳೆ ನೋಡಿರೆಂದು ಓದುಗರಲ್ಲಿ ನನ್ನ ಕೋರಿಕೆ. ಬಿಡುವಿದ್ದವರು ಆರ್ಡುಯಿನೋ ಊನೋ ಆರ್3 ಹಲಗೆಯೊಂದನ್ನು ತಂದು, ಯಾವ ಹೆಡರನ್ನೂ ನೆಚ್ಚದೆ, ಮೇಲೆ ಹೇಳಿದ ಒಂದು ಸಾಲಿನ ಕ್ರಮದಲ್ಲಿ ಮೂರು ವಿಳಾಸಗಳಿಗೆ ತಾವೇ ಹೆಸರಿಡಲಿ. ಷೋಡಶಮಾನದ 24ಕ್ಕೆ ದಶಮಾನದ 32ನ್ನು ಬರೆದರೆ ಹದಿಮೂರನೆಯ ಕಾಲು ಹೊರಮುಖವಾಗುತ್ತದೆ. 25ಕ್ಕೆ ಅದೇ 32ನ್ನು ಬರೆದರೆ ಹಲಗೆಯ ಮೇಲಿನ ಪುಟ್ಟ ದೀಪ ಹತ್ತುತ್ತದೆ. ಆಮೇಲೆ, ಓದುವುದಕ್ಕೆಂದು ಇರುವ 23ಕ್ಕೆ ಅದೇ 32ನ್ನು ಬರೆದು ನೋಡಿ. ಒಮ್ಮೆ ಬರೆದರೆ ದೀಪ ಆರುತ್ತದೆ, ಇನ್ನೊಮ್ಮೆ ಬರೆದರೆ ಹತ್ತುತ್ತದೆ. ಡೇಟಾಶೀಟಿನಲ್ಲಿ ಅದಕ್ಕೂ ಒಂದು ಸಾಲಿದೆ.